ಜರ್ಮನ್ ಹೋಟೆಲಿನಲ್ಲಿ ಮೊಟ್ಟೆಯನ್ನೂ ತಿನ್ನದ ಅಮ್ಮನಿಗೆ ಏನು ಹೇಳಿ ತರಿಸುವುದು?

ಪ್ರಶ್ನೆ: ತಮ್ಮ ಷ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಜೂನ್ ಮೊದಲ ವಾರ ಅಮ್ಮನನ್ನು ಕರೆದುಕೊಂಡು ಮೂರು ವಾರಕ್ಕೆ ಹೊರಟಿದ್ದೇನೆ. ಮ್ಯೂನಿಕ್, ಕಲೋನ್ ನೋಡುವ ಯೋಚನೆಯೂ ಇದೆ. ತಮ್ಮ ಆಫೀಸಿಗೆ ಹೋದ ಮೇಲೆ ನಾವಿಬ್ಬರೇ ಹೊರಗೆ ಊಟ ಮಾಡಬೇಕು. ಹೋದಲ್ಲೆಲ್ಲ ಇಂಡಿಯನ್ ರೆಸ್ಟೋರೆಂಟ್ ಹುಡುಕಿಕೊಂಡು ಅಲೆಯಲು ಇಷ್ಟವಿಲ್ಲ, ಅಲ್ಲಿನವರ ಊಟವನ್ನೂ ನೋಡಬೇಕು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾನು ಕೋಳಿ, ಮೀನು ತಿನ್ನುತ್ತೇನೆ, ದನ ಮತ್ತು ಹಂದಿ ಬೇಡ. ಏನು ತರಿಸಬೇಕು? ಬಿಲ್, ಟಿಪ್ಸ್ ಹೇಗೆ? (ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ತಾಯಿಯವರ ತಟ್ಟೆಯಿಂದಲೇ ಶುರು ಮಾಡೋಣ. ಕಷ್ಟ ಇರುವುದು ಅಲ್ಲೇ, ಉಳಿದದ್ದು ಸುಲಭ.

ಜರ್ಮನ್ ಮೆನುವಿನಲ್ಲಿ ‘ವೆಗೆಟಾರಿಷ್’ ಎಂದರೆ ಮಾಂಸ, ಮೀನು ಇಲ್ಲ ಎಂದಷ್ಟೇ ಅರ್ಥ. ಮೊಟ್ಟೆ ಅದರೊಳಗೇ ಬರುತ್ತದೆ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕಿಯನ್ನು ನಂಬಿದ ಕಣ್ಣಿಗೆ ಇದು ತಕ್ಷಣ ಹೊಳೆಯುವುದಿಲ್ಲ. ಆದ್ದರಿಂದ ತಾಯಿಯವರಿಗಾಗಿ ಮೆನು ನೋಡುವಾಗ ‘ವೆಗೆಟಾರಿಷ್’ ಬಿಟ್ಟು ‘ವೆಗಾನ್’ ಎಂದು ಬರೆದಿರುವುದನ್ನು ಮೊದಲು ಹುಡುಕಿ. ವೀಗನ್ ಎಂಬುದನ್ನೇ ಅವರು ಹಾಗೆ ಉಚ್ಚರಿಸುತ್ತಾರೆ. ಅದರಲ್ಲಿ ಮೊಟ್ಟೆ, ಹಂದಿಕೊಬ್ಬು, ಜೆಲಟಿನ್ ಒಂದೂ ಇರುವುದಿಲ್ಲ. ಹಾಲು, ಬೆಣ್ಣೆಯೂ ಇರುವುದಿಲ್ಲ, ಆದರೆ ಬೆಣ್ಣೆಯನ್ನು ಬೇರೆಯಾಗಿ ಕೇಳಿ ಹಾಕಿಕೊಳ್ಳಬಹುದು. ಸೇರಿಬಿಟ್ಟ ಮೊಟ್ಟೆಯನ್ನು ತೆಗೆಯಲಾಗದು. ಷ್ಟುಟ್‌ಗಾರ್ಟ್, ಮ್ಯೂನಿಕ್, ಕಲೋನ್ ಮೂರೂ ದೊಡ್ಡ ಊರುಗಳಾದ್ದರಿಂದ ಸಾಮಾನ್ಯ ಹೋಟೆಲಿನಲ್ಲೂ ಇಂಥ ಒಂದೆರಡು ತಿನಿಸು ಸಿಗುವ ಸಂಭವ ಹೆಚ್ಚು.

ಇನ್ನು ಮೆನುವಿನಲ್ಲಿ ಹೆಸರೇ ಬರೆಯದೆ ತಟ್ಟೆಗೆ ಬರುವ ನಾಲ್ಕು ಪದಾರ್ಥಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲನೆಯದು ಷ್ಪೆಕ್, ಅಂದರೆ ಉಪ್ಪು ಹಾಕಿ ಹೊಗೆ ಕೊಟ್ಟ ಹಂದಿಮಾಂಸದ ಸಣ್ಣ ಚೂರುಗಳು. ನಾವು ಒಗ್ಗರಣೆಗೆ ಸಾಸಿವೆ ಹಾಕುವಷ್ಟು ಸಹಜವಾಗಿ ಅಲ್ಲಿ ಇದನ್ನು ಹಾಕುತ್ತಾರೆ. ಹುರಿದ ಆಲೂಗಡ್ಡೆಯಲ್ಲಿ, ಹುರುಳಿಕಾಯಿ ಪಲ್ಯದಂಥದ್ದರಲ್ಲಿ, ಸಲಾಡಿನ ಮೇಲೆ ಎಲ್ಲ ಕಡೆ ಇರಬಹುದು. ಎರಡನೆಯದು ಷ್ಮಾಲ್ಟ್ಸ್, ಹಂದಿಯ ಅಥವಾ ಬಾತುವಿನ ಕರಗಿಸಿದ ಕೊಬ್ಬು. ಸೌರ್‌ಕ್ರೌಟ್ ಎಂಬ ಹುಳಿ ಕೋಸಿನ ಪಲ್ಯ, ನೇರಳೆ ಕೋಸಿನ ಪಲ್ಯ ಎರಡನ್ನೂ ಹಳೆಯ ಪದ್ಧತಿಯಲ್ಲಿ ಇದರಲ್ಲೇ ಬೇಯಿಸುತ್ತಾರೆ. ನೋಡಲು ಬರೀ ತರಕಾರಿ, ಬೆಂದದ್ದು ಕೊಬ್ಬಿನಲ್ಲಿ. ಮೂರನೆಯದು ಫ್ಲೈಷ್‌ಬ್ರೂಎ, ಮಾಂಸ ಬೇಯಿಸಿದ ಸಾರು. ದಕ್ಷಿಣ ಜರ್ಮನಿಯ ಆಲೂಗಡ್ಡೆ ಸಲಾಡಿಗೆ, ನೀವು ಹೋಗುತ್ತಿರುವ ಷ್ಟುಟ್‌ಗಾರ್ಟ್‌ನದ್ದಕ್ಕಂತೂ, ಬಿಸಿ ಸಾರನ್ನು ಸುರಿದೇ ಕಲಸುವುದು ರೂಢಿ. ಉತ್ತರದ ಕಡೆ ಅದೇ ಸಲಾಡಿಗೆ ಮಯೊನೀಸ್ ಹಾಕುತ್ತಾರೆ, ಅದರಲ್ಲಿ ಮೊಟ್ಟೆ. ಹೀಗೆ ಎರಡೂ ದಿಕ್ಕಿನಲ್ಲಿ ಆಲೂಗಡ್ಡೆ ಸಲಾಡ್ ತಾಯಿಯವರಿಗೆ ಆಗುವುದಿಲ್ಲ. ನಾಲ್ಕನೆಯದು ಜೆಲಾಟೀನೆ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಕ್ರೀಮಿನ ಸಿಹಿತಿಂಡಿಗಳಲ್ಲಿ, ಬೇಯಿಸದ ಚೀಸ್ ಕೇಕಿನಲ್ಲಿ ಇದು ಇರುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಬಹಳ ಮೆನುಗಳಲ್ಲಿ ತಿನಿಸಿನ ಪಕ್ಕ ಪುಟ್ಟ ಅಕ್ಷರ, ಅಂಕಿಗಳಿರುತ್ತವೆ. ಅಲರ್ಜಿ ತರುವ 14 ಬಗೆಯ ಪದಾರ್ಥಗಳ ವಿವರ ಕೊಡಬೇಕೆಂದು ಐರೋಪ್ಯ ಒಕ್ಕೂಟದ ನಿಯಮವಿದೆ, 2014ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಸಾಮಾನ್ಯವಾಗಿ ಅಕ್ಷರಗಳು ಆ 14ಕ್ಕೆ, ಅಂಕಿಗಳು ಬಣ್ಣ, ಪ್ರಿಸರ್ವೇಟಿವ್‌ಗಳಂಥವಕ್ಕೆ. ಮೊಟ್ಟೆ ಆ 14ರಲ್ಲಿ ಒಂದು, ಆದ್ದರಿಂದ ಮೊಟ್ಟೆಯನ್ನು ಈ ಅಕ್ಷರಗಳಿಂದ ಪತ್ತೆ ಹಚ್ಚಬಹುದು. ಯಾವ ಅಕ್ಷರ ಯಾವುದಕ್ಕೆ ಎಂಬುದು ಹೋಟೆಲಿನಿಂದ ಹೋಟೆಲಿಗೆ ಬದಲಾಗುವುದರಿಂದ ಮೆನುವಿನ ಕೊನೆಯ ಪುಟದ ಪಟ್ಟಿಯಲ್ಲಿ ‘ಆಯರ್’, ಅಂದರೆ ಮೊಟ್ಟೆ, ಎಂಬುದರ ಎದುರಿನ ಅಕ್ಷರವನ್ನು ಪ್ರತಿ ಸಲ ನೋಡಬೇಕು. ಆದರೆ ಹಂದಿಕೊಬ್ಬು, ಮಾಂಸದ ಸಾರು, ದನದ ಜೆಲಟಿನ್ ಆ 14ರಲ್ಲಿ ಇಲ್ಲ. ಪಕ್ಕದಲ್ಲಿ ಯಾವ ಅಕ್ಷರವೂ ಇಲ್ಲವೆಂದ ಮಾತ್ರಕ್ಕೆ ಕೋಸಿನ ಪಲ್ಯ ಸಸ್ಯಾಹಾರವಾಗುವುದಿಲ್ಲ. ಅದನ್ನು ಬಾಯಿಬಿಟ್ಟೇ ಕೇಳಬೇಕು.

ಕೇಳುವಾಗಲೂ ‘ವೆಜಿಟೇರಿಯನ್ನಾ?’ ಎಂದರೆ ಸಾಲದು. ಬಡಿಸುವವರಿಗೆ ನಮ್ಮ ಕಟ್ಟುಪಾಡು ಗೊತ್ತಿರುವುದಿಲ್ಲ. ಪದಾರ್ಥದ ಹೆಸರನ್ನೇ ಹೇಳಿದರೆ ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡು ಬಂದು ನೇರ ಉತ್ತರ ಕೊಡುತ್ತಾರೆ. ಈ ಮಾತುಗಳನ್ನು ನಿಮ್ಮ ತಮ್ಮನ ಕೈಯಲ್ಲಿ ಜರ್ಮನ್ ಭಾಷೆಯಲ್ಲೇ ಒಂದು ಚೀಟಿಯ ಮೇಲೆ ಬರೆಸಿಟ್ಟುಕೊಳ್ಳಿ: “ಮೈನೆ ಮುಟ್ಟರ್ ಇಸ್ಟ್ ಕೈನ್ ಫ್ಲೈಷ್, ಕೈನನ್ ಫಿಷ್, ಕೈನೆ ಆಯರ್. ಔಖ್ ಕೈನನ್ ಷ್ಪೆಕ್, ಕೈನ್ ಷ್ಮಾಲ್ಟ್ಸ್, ಕೈನೆ ಫ್ಲೈಷ್‌ಬ್ರೂಎ, ಕೈನೆ ಜೆಲಾಟೀನೆ. ಮಿಲ್ಶ್ ಉಂಟ್ ಕೇಜೆ ಜಿಂಟ್ ಇನ್ ಓರ್ಡ್‌ನುಂಗ್.” ಅಮ್ಮ ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಆ ನಾಲ್ಕೂ ಬೇಡ, ಹಾಲು ಮತ್ತು ಚೀಸ್ ಆಗುತ್ತದೆ ಎಂದು ಇದರ ಅರ್ಥ. ಒಂದೇ ಪದಾರ್ಥ ಬೇಡವೆನ್ನಲು ‘ಓನೆ’ ಸಾಕು: “ಓನೆ ಷ್ಪೆಕ್, ಬಿಟ್ಟೆ”, “ಓನೆ ಆಯ್, ಬಿಟ್ಟೆ”. ಬಿಟ್ಟೆ ಎಂದರೆ ದಯವಿಟ್ಟು. ‘ಆಯ್’ ಎಂದರೆ ಮೊಟ್ಟೆ.

ಎರಡು ವಿಷಯ ತಾಯಿಯವರಿಗೆ ಮೊದಲೇ ಹೇಳಿಬಿಡಿ. ಒಂದು, ಸಾಮಾನ್ಯ ಹೋಟೆಲಿನ ಅಡುಗೆಮನೆಯಲ್ಲಿ ಬಾಣಲೆ, ಕರಿಯುವ ಎಣ್ಣೆ ಬೇರೆ ಬೇರೆ ಇಟ್ಟಿರುವುದಿಲ್ಲ. ಎರಡು, ಯುರೋಪಿನ ಹಲವು ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ, ಮೆನುವಿನಲ್ಲಿ ಅದನ್ನು ಬರೆಯುವುದಿಲ್ಲ. ಇವೆರಡೂ ಆಗದು ಎಂದರೆ ಪೂರ್ತಿ ವೀಗನ್ ಹೋಟೆಲುಗಳಿಗೇ ಹೋಗುವುದು ಸರಿ. ಅಲ್ಲೂ ಜರ್ಮನ್ ಅಡುಗೆ ಸಿಗುತ್ತದೆ.

ಇಷ್ಟೆಲ್ಲ ಕಳೆದ ಮೇಲೂ ತಾಯಿಯವರಿಗೆ ಒಳ್ಳೆಯ ಊಟವಿದೆ. ನೀವು ಜೂನ್‌ನಲ್ಲಿ ಹೋಗುತ್ತಿರುವುದು ಅದೃಷ್ಟ. ಬಿಳಿ ಆಸ್ಪರಾಗಸ್‌ನ ಕಾಲ ಜೂನ್ 24ರ ಸಂತ ಜಾನ್ ಹಬ್ಬದವರೆಗೆ ಇರುತ್ತದೆ, ಆಮೇಲೆ ಬೇರು ಮುಂದಿನ ವರ್ಷಕ್ಕೆ ಚೇತರಿಸಿಕೊಳ್ಳಲೆಂದು ಕೊಯ್ಲು ನಿಲ್ಲಿಸುತ್ತಾರೆ. ಹೋಟೆಲುಗಳು ಇದಕ್ಕೆಂದೇ ‘ಷ್ಪಾರ್ಗಲ್‌ಕಾರ್ಟೆ’ ಎಂಬ ಬೇರೆ ಮೆನು ಇಡುತ್ತವೆ. ಸಿಪ್ಪೆ ಹೆರೆದು, ಉಪ್ಪು, ಚಿಟಿಕೆ ಸಕ್ಕರೆ, ಬೆಣ್ಣೆ ಹಾಕಿದ ನೀರಿನಲ್ಲಿ ಬೇಯಿಸಿ, ಬೇಯಿಸಿದ ಆಲೂಗಡ್ಡೆಯ ಜೊತೆ ಕೊಡುತ್ತಾರೆ. ಮೇಲೆ ಸುರಿಯುವ ಹಳದಿ ಹಾಲಂಡೇಸ್ ಸಾಸ್‌ನಲ್ಲಿ ಮೊಟ್ಟೆಯ ಹಳದಿ ಭಾಗ ಇರುತ್ತದೆ. “ಮಿಟ್ ಬುಟ್ಟರ್, ಓನೆ ಹಾಲಂಡೇಜ್, ಓನೆ ಷಿಂಕನ್” ಎಂದರೆ ಹಾಲಂಡೇಸ್ ಬದಲು ಕರಗಿಸಿದ ಬೆಣ್ಣೆ ಬರುತ್ತದೆ, ಹಂದಿಮಾಂಸದ ಹಾಳೆಯೂ ಬರುವುದಿಲ್ಲ. ಮೃದುವಾದ, ತುಸು ಕಹಿ, ತುಸು ಸಿಹಿ ಊಟ. ಖಾರದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸುತ್ತದೆ, ಮೇಜಿನ ಮೇಲಿನ ಮೆಣಸಿನ ಪುಡಿ ಉದುರಿಸಿಕೊಳ್ಳಲಿ.

ಸಿಪ್ಪೆ ಸಮೇತ ಬೇಯಿಸಿದ ಅಥವಾ ಅವನ್‌ನಲ್ಲಿ ಸುಟ್ಟ ಆಲೂಗಡ್ಡೆಗೆ ‘ಕ್ರೊಯ್ಟರ್‌ಕ್ವಾರ್ಕ್’ ಎಂಬ ಸೊಪ್ಪು ಬೆರೆಸಿದ ಗಟ್ಟಿ ಮೊಸರಿನಂಥದ್ದನ್ನು ಹಾಕಿ ಕೊಡುವುದೂ ಉಂಟು. ನಮ್ಮ ಮೊಸರುಬಜ್ಜಿ ಇಷ್ಟಪಡುವವರಿಗೆ ಇದು ಹಿಡಿಸುತ್ತದೆ, ಮೊಟ್ಟೆಯೂ ಇಲ್ಲ. ಫ್ಲಾಮ್‌ಕೂಖನ್ ಎಂಬುದು ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಹುಳಿ ಕೆನೆ, ಈರುಳ್ಳಿ ಹರಡಿ ಸುಟ್ಟದ್ದು. ಏನೂ ಹೇಳದಿದ್ದರೆ ಷ್ಪೆಕ್ ಸಮೇತ ಬರುತ್ತದೆ, ಹೇಳಿದರೆ ಅದನ್ನು ಬಿಟ್ಟು ಮಾಡಿಕೊಡುತ್ತಾರೆ, ಏಕೆಂದರೆ ಆರ್ಡರ್ ಬಂದ ಮೇಲೆಯೇ ಅದನ್ನು ಸುಡುವುದು. ಇದೇ ಲೆಕ್ಕ ಎಲ್ಲ ಕಡೆಗೂ ಅನ್ವಯಿಸುತ್ತದೆ. ಆ ಹೊತ್ತಿಗೆ ಮಾಡುವುದನ್ನು ಬದಲಿಸಬಹುದು, ಬೆಳಿಗ್ಗೆಯೇ ಪಾತ್ರೆ ತುಂಬ ಬೇಯಿಸಿಟ್ಟ ಪಲ್ಯ, ಸೂಪು, ಸಾಸುಗಳಿಂದ ಏನನ್ನೂ ತೆಗೆಯಲಾಗದು.

ಷ್ಟುಟ್‌ಗಾರ್ಟ್‌ನಲ್ಲಿ ತಾಯಿಯವರು ಮೋಸ ಹೋಗಬಹುದಾದದ್ದು ‘ಲಿನ್ಜನ್ ಮಿಟ್ ಷ್ಪೆಟ್ಸ್‌ಲೆ’. ಲಿನ್ಜನ್ ಎಂದರೆ ಮಸೂರದಂಥ ಕಾಳು, ವಿನೆಗರ್ ಹಾಕಿ ಹುಳಿಹುಳಿಯಾಗಿ ಬೇಯಿಸಿರುತ್ತಾರೆ. ಕಾಳಿನ ಚಿತ್ರ ಕಂಡ ಕೂಡಲೇ ಮನೆಯ ಹುಳಿ ನೆನಪಾಗುತ್ತದೆ. ಆದರೆ ಕಾಳಿನೊಳಗೆ ಷ್ಪೆಕ್ ಬೆಂದಿರುತ್ತದೆ, ಮೇಲೆ ಸಾಸೇಜ್ ಇಟ್ಟಿರುತ್ತಾರೆ, ಪಕ್ಕದ ಷ್ಪೆಟ್ಸ್‌ಲೆ ಎಂಬ ಮೈದಾ ಹಿಟ್ಟಿನ ಎಳೆಗಳಲ್ಲಿ ಮೊಟ್ಟೆ. ಸಾಸೇಜ್ ಬೇಡವೆಂದರೂ ಅದು ಅವರ ಊಟವಾಗದು.

ಷ್ಪೆಟ್ಸ್‌ಲೆಯನ್ನು ನೀವು ಬಿಡಬೇಡಿ, ಆ ಸೀಮೆಯ ಹೆಮ್ಮೆ ಅದು. 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ ಎಂಬ ಅಂದಾಜಿನಲ್ಲಿ, ಉಪ್ಪು, ತುಸು ನೀರು ಸೇರಿಸಿ, ಹಿಟ್ಟಿನಲ್ಲಿ ಗುಳ್ಳೆ ಏಳುವವರೆಗೆ ಬಡಿಯುತ್ತಾರೆ. ಒದ್ದೆ ಮಾಡಿದ ಮರದ ಹಲಗೆಯ ಮೇಲೆ ಅದನ್ನು ಸವರಿ, ಚಾಕುವಿನಿಂದ ಎಳೆಎಳೆಯಾಗಿ ಕುದಿಯುವ ನೀರಿಗೆ ತಳ್ಳುತ್ತಾರೆ. ಚಕ್ಕುಲಿ ಒರಳಿನಂಥ ಒತ್ತುಮಣೆಯಲ್ಲಿ ಒತ್ತುವವರೂ ಇದ್ದಾರೆ. ಹಲಗೆಯಲ್ಲಿ ಮಾಡಿದ್ದರೆ ಎಳೆಗಳು ಒಂದೊಂದು ಒಂದೊಂದು ದಪ್ಪ ಇರುತ್ತವೆ. ತೇಲಿ ಬಂದ ಕೂಡಲೇ ಜಾಲರಿ ಸೌಟಿನಲ್ಲಿ ಬಾಚಿ, ತುರಿದ ಎಮೆಂಟಾಲರ್ ಅಥವಾ ಬೆಟ್ಟದ ಸೀಮೆಯ ಗಟ್ಟಿ ಚೀಸ್ ಜೊತೆ ಪದರ ಪದರವಾಗಿ ಹಾಕಿ, ಬೆಣ್ಣೆಯಲ್ಲಿ ಕಂದುಬಣ್ಣಕ್ಕೆ ಹುರಿದ ಈರುಳ್ಳಿ ಉದುರಿಸಿದರೆ ಕೇಜೆಷ್ಪೆಟ್ಸ್‌ಲೆ. ಬಂದ ಕೂಡಲೇ ತಿನ್ನಬೇಕು. ಫೋಟೊ ತೆಗೆಯುತ್ತ ಕೂತರೆ ಚೀಸ್ ಬಿಗಿದುಕೊಂಡು ಮುದ್ದೆಯಾಗುತ್ತದೆ, ಆಮೇಲೆ ಅದಕ್ಕೆ ರುಚಿಯಿಲ್ಲ. ಹೊಟ್ಟೆಗೆ ಭಾರ, ಪಕ್ಕದಲ್ಲಿ ಹಸಿರು ಸಲಾಡ್ ಇರಲಿ. ಇದಕ್ಕೂ ಕೆಲವು ಕಡೆ ಷ್ಪೆಕ್ ಹಾಕುವುದುಂಟು, ಕೇಳಿ.

ಮಾಂಸದಲ್ಲಿ ನಿಮಗೆ ಬೇಕಾದ ಪದಗಳು ಎರಡೇ: ‘ಹೆನ್‌ಷನ್’ ಎಂದರೆ ಕೋಳಿ, ‘ಪೂಟೆ’ ಎಂದರೆ ಟರ್ಕಿ ಕೋಳಿ. ಬೇಡದವು ‘ಷ್ವೈನ್’ ಹಂದಿ, ‘ರಿಂಟ್’ ದನ, ‘ಕಾಲ್ಪ್’ ಕರು. ಷ್ನಿಟ್ಸೆಲ್ ಎಂದಷ್ಟೇ ಇದ್ದರೆ ಅದು ಹೆಚ್ಚಾಗಿ ಹಂದಿ, ‘ವೀನರ್ ಷ್ನಿಟ್ಸೆಲ್’ ಎಂದರೆ ಕರು, ‘ಪೂಟನ್‌ಷ್ನಿಟ್ಸೆಲ್’ ನಿಮ್ಮದು. ಕೊಚ್ಚಿದ ಮಾಂಸದ ಉಂಡೆಗಳಲ್ಲಿ ಸಾಮಾನ್ಯವಾಗಿ ದನ, ಹಂದಿ ಎರಡೂ ಬೆರೆತಿರುತ್ತವೆ. ಕೋಳಿ ಸಾಸೇಜಿಗೂ ಹಂದಿಯ ಕೊಬ್ಬು ಸೇರಿಸುವುದುಂಟು. ಮೀನಿನಲ್ಲಿ ‘ಫೊರೆಲ್ಲೆ ಮ್ಯುಲ್ಲರಿನ್’ ತರಿಸಿ. ಸಿಹಿನೀರಿನ ಟ್ರೌಟ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದದ್ದು, ತಲೆ ಮುಳ್ಳು ಸಮೇತ ಇಡಿಯಾಗಿ ಬರುತ್ತದೆ. ಬೆನ್ನಿನ ಉದ್ದಕ್ಕೂ ಚಾಕು ಆಡಿಸಿ ಮೇಲಿನ ಭಾಗ ತೆಗೆದರೆ ನಡುಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ.

ಇನ್ನು ಹೋಗುವ ಹೊತ್ತು. ವಾರಕ್ಕೊಂದು ದಿನ ‘ರೂಹೆಟಾಗ್’, ಅಂದರೆ ರಜೆ, ಬಹಳ ಕಡೆ ಸೋಮವಾರ ಅಥವಾ ಮಂಗಳವಾರ. ಬಾಗಿಲು ತೆರೆದಿದ್ದರೂ ಅಡುಗೆಮನೆ ಮುಚ್ಚಿರಬಹುದು: ‘ವಾರ್ಮೆ ಕ್ಯೂಷೆ’ ಎಂದು ಬರೆದ ವೇಳೆಯಷ್ಟೇ ಬಿಸಿ ಊಟ, ಮಧ್ಯಾಹ್ನ ಎರಡರ ನಂತರ ಸಂಜೆ ಐದೂವರೆಯವರೆಗೆ ಹಲವು ಕಡೆ ಒಲೆ ಆರಿರುತ್ತದೆ. ತಾಯಿಯವರನ್ನು ಹಸಿವಿನಲ್ಲಿ ಕಾಯಿಸದಿರಲು ಹನ್ನೆರಡೂವರೆಗೇ ಹೋಗಿ ಕೂತುಬಿಡಿ. ಶುಕ್ರವಾರ, ಶನಿವಾರದ ರಾತ್ರಿಗೆ ಮೊದಲೇ ಟೇಬಲ್ ಕಾದಿರಿಸಿ. ಫೋನಿನಲ್ಲಿ ‘ಹಾಲ್ಪ್ ಆಖ್ಟ್’ ಎಂದರೆ ಏಳೂವರೆ, ಎಂಟೂವರೆ ಅಲ್ಲ. ಎಂಟಕ್ಕೆ ಅರ್ಧ ಬಾಕಿ ಎಂಬುದು ಅವರ ಲೆಕ್ಕ. ಇಲ್ಲಿ ಒಂದು ಗಂಟೆ ತಪ್ಪಿದರೆ ಟೇಬಲ್ ಹೋಯಿತು.

ಸಾದಾ ಹೋಟೆಲುಗಳಲ್ಲಿ ಖಾಲಿ ಮೇಜು ನೋಡಿ ನೀವೇ ಕೂರಬಹುದು. ‘ಷ್ಟಾಮ್‌ಟಿಷ್’ ಎಂಬ ಫಲಕವಿರುವ ಮೇಜು ದಿನನಿತ್ಯದ ಗಿರಾಕಿಗಳದ್ದು, ಖಾಲಿ ಇದ್ದರೂ ಅಲ್ಲಿ ಕೂರುವಂತಿಲ್ಲ. ಉದ್ದ ಮೇಜಿನಲ್ಲಿ ಬೇರೆಯವರಿದ್ದರೆ “ಇಸ್ಟ್ ಹಿಯರ್ ನೋಖ್ ಫ್ರೈ?” ಎಂದು ಕೇಳಿ ಕೂತರಾಯಿತು. ಪಕ್ಕದ ಮೇಜಿನಡಿ ನಾಯಿ ಮಲಗಿರಬಹುದು, ಗಾಬರಿಯಾಗುವುದು ಬೇಡ, ಅಲ್ಲಿ ಅದು ಮಾಮೂಲು.

ಕೂತ ಕೂಡಲೇ ನೀರಿನ ಲೋಟ ಬರುವುದಿಲ್ಲ. ಮೊದಲು ಕೇಳುವುದೇ ಕುಡಿಯಲು ಏನು ಎಂದು. ಬರೀ ‘ವಾಸರ್’ ಎಂದರೆ ಸೋಡಾ ಬರುವ ಸಂಭವವೇ ಹೆಚ್ಚು. ಗ್ಯಾಸ್ ಬೇಡವೆಂದರೆ ‘ಷ್ಟಿಲ್ಲೆಸ್ ವಾಸರ್’ ಎನ್ನಬೇಕು, ಅದಕ್ಕೂ ದುಡ್ಡುಂಟು. ನಲ್ಲಿ ನೀರು ‘ಲೈಟುಂಗ್ಸ್‌ವಾಸರ್’. ಅದು ಧಾರಾಳವಾಗಿ ಕುಡಿಯುವಂಥದ್ದೇ, ಆದರೆ ಕೊಡಲೇಬೇಕೆಂದಿಲ್ಲ. ಬೇರೇನಾದರೂ ಪಾನೀಯ ತರಿಸಿ, ಮಾತ್ರೆ ನುಂಗಲು ಒಂದು ಲೋಟ ಎಂದರೆ ಕೊಟ್ಟೇ ಕೊಡುತ್ತಾರೆ. ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಆಪ್‌ಫೆಲ್‌ಷೋರ್ಲೆ’ ಇಬ್ಬರಿಗೂ ಒಳ್ಳೆಯದು. ಲೋಟದ ಮೇಲ್ಭಾಗದಲ್ಲಿ ಒಂದು ಗೆರೆ, ಅದರ ಪಕ್ಕ 0,3 ಅಥವಾ 0,5 ಲೀಟರ್ ಎಂಬ ಗುರುತು ಇರುತ್ತದೆ. ಅಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಪಾನೀಯ ಆ ಗೆರೆ ಮುಟ್ಟಿರಬೇಕು, ಕಡಿಮೆಯಿದ್ದರೆ ತುಂಬಿಸಿಕೊಡಿ ಎಂದು ಕೇಳುವ ಹಕ್ಕಿದೆ. ‘ಆಲ್ಕೊಹೋಲ್‌ಫ್ರೈ’ ಎಂಬ ಬಿಯರ್‌ನಲ್ಲಿ ಶೇಕಡ 0.5ರವರೆಗೆ ಮದ್ಯಸಾರ ಇರಬಹುದು, ಒಂದು ಹನಿಯೂ ಬೇಡ ಎನ್ನುವವರು 0,0 ಎಂದು ಬರೆದದ್ದನ್ನೇ ತೆಗೆದುಕೊಳ್ಳಬೇಕು. ಮೇಜಿನ ಮೇಲಿನ ಬುಟ್ಟಿಯಲ್ಲಿರುವ, ಗಂಟಿನ ಆಕಾರದ ಉಪ್ಪುಬ್ರೆಡ್ಡಾದ ಬ್ರೆಟ್ಸೆಲ್‌ಗಳು ಪುಕ್ಕಟೆಯಲ್ಲ, ತಿಂದಷ್ಟು ಎಣಿಸಿ ಬಿಲ್ಲಿಗೆ ಸೇರಿಸುತ್ತಾರೆ. ಬ್ರೆಟ್ಸೆಲ್‌ಗೂ ಕೆಲವರು ಷ್ಮಾಲ್ಟ್ಸ್ ಹಾಕುತ್ತಾರೆ.

ಹಂಚಿಕೊಂಡು ತಿನ್ನಲು “ಐನನ್ ಎಕ್ಸ್‌ಟ್ರಾ ಟೆಲ್ಲರ್, ಬಿಟ್ಟೆ” ಎಂದು ಖಾಲಿ ತಟ್ಟೆ ಕೇಳಿ. ಊಟದ ನಡುವೆ ಚಾಕು, ಫೋರ್ಕನ್ನು ತಟ್ಟೆಯಲ್ಲಿ ಒಟ್ಟಿಗೆ ಸಮಾನಾಂತರವಾಗಿ ಇಡಬೇಡಿ. ಊಟ ಮುಗಿಯಿತು ಎಂಬ ಗುರುತು ಅದು, ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಇನ್ನೂ ತಿನ್ನುವುದಿದ್ದರೆ ಕತ್ತರಿಯಂತೆ ಅಡ್ಡಡ್ಡ ಇಡಿ. ಹೇಳಿದ ಮೇಲೂ ಷ್ಪೆಕ್ ಹಾಕಿಕೊಂಡು ಬಂದರೆ ಆರಿಸಿ ಬದಿಗಿಡುವುದು ಬೇಡ, ಒಂದು ತುತ್ತೂ ತಿನ್ನದೆ ಆಗಲೇ ಕರೆದು ತೋರಿಸಿ, ಬದಲಿಸಿ ಕೊಡುತ್ತಾರೆ. ಅರ್ಧ ತಿಂದ ಮೇಲೆ ಹೇಳಿದರೆ ಮಾತಿಗೆ ಬಲವಿರುವುದಿಲ್ಲ. ಕರೆಯಲು ಚಿಟಿಕೆ, ಚಪ್ಪಾಳೆ ಬೇಡ. ಕಣ್ಣು ಕೂಡಿದಾಗ ಕೈ ತುಸು ಎತ್ತಿ “ಎಂಟ್‌ಷುಲ್ಡಿಗುಂಗ್” ಎಂದರೆ ಸಾಕು.

ಮ್ಯೂನಿಕ್‌ನಲ್ಲಿ ತಾಯಿಯವರಿಗೆ ಅತ್ಯಂತ ನೆಮ್ಮದಿಯ ಊಟ ಬಿಯರ್‌ಗಾರ್ಟನ್‌ನಲ್ಲಿ, ಅಂದರೆ ಮರಗಳ ಕೆಳಗೆ ಬಿಯರ್ ಮಾರುವ ಬಯಲಂಗಳದಲ್ಲಿ, ಎಂದರೆ ಆಶ್ಚರ್ಯವಾಗಬಹುದು. ಬಿಯರ್ ತಯಾರಿಸುವವರು ನೆಲಮಾಳಿಗೆ ತಂಪಾಗಿರಲೆಂದು ಮೇಲೆ ಚೆಸ್ಟ್‌ನಟ್ ಮರ ನೆಟ್ಟು, ಅದರ ನೆರಳಲ್ಲೇ ಮಾರಲು ಶುರು ಮಾಡಿದರು. 1812ರಲ್ಲಿ ಮ್ಯೂನಿಕ್ ಇರುವ ಬವೇರಿಯಾ ಸೀಮೆಯ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಅವರಿಗೆ ಬಿಯರ್ ಮತ್ತು ಬ್ರೆಡ್ ಮಾರಲು ಮಾತ್ರ ಒಪ್ಪಿಗೆ ಕೊಟ್ಟ. ಬೇರೆ ಊಟ ಮಾರುವಂತಿರಲಿಲ್ಲ, ಜನ ಬುತ್ತಿ ಕಟ್ಟಿಕೊಂಡು ಬಂದರು. ಆ ಪದ್ಧತಿ ಇಂದಿಗೂ ಇದೆ. ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ನಿಮ್ಮ ಡಬ್ಬಿ ಬಿಚ್ಚಿ ಪುಳಿಯೋಗರೆ, ಚಪಾತಿ ತಿನ್ನಬಹುದು, ಪಾನೀಯವನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಟ್ಟೆ ಹಾಸಿದ ಮೇಜಿನಲ್ಲಿ ಬುತ್ತಿ ಬಿಚ್ಚುವಂತಿಲ್ಲ. ಲೋಟಕ್ಕೆ ಠೇವಣಿ ತೆಗೆದುಕೊಂಡು ಬಿಲ್ಲೆ ಕೊಟ್ಟಿದ್ದರೆ, ಲೋಟದ ಜೊತೆ ಅದನ್ನೂ ವಾಪಸು ಕೊಟ್ಟಾಗ ಹಣ ಬರುತ್ತದೆ. ಬೆಣ್ಣೆ, ಚೀಸ್, ಕೆಂಪು ಪ್ಯಾಪ್ರಿಕಾ ಪುಡಿ ಅರೆದ ‘ಓಬಾಟ್ಸ್‌ಡ’ ಅಲ್ಲೇ ಸಿಗುತ್ತದೆ, ಮೊಟ್ಟೆಯಿಲ್ಲ, ಆದರೆ ಕೆಲವರು ತುಸು ಬಿಯರ್ ಬೆರೆಸುತ್ತಾರೆ. ಬವೇರಿಯಾದ ಹೊರಗೆ, ಷ್ಟುಟ್‌ಗಾರ್ಟ್‌ನಲ್ಲೂ, ಬುತ್ತಿಯನ್ನು ಕೇಳಿಯೇ ಬಿಚ್ಚಬೇಕು.

ಕಲೋನ್‌ನಲ್ಲಿ ‘ಹಾಲ್ವರ್ ಹಾನ್’ ಎಂಬ ಹೆಸರು ಕಂಡರೆ ಅರ್ಧ ಕೋಳಿ ಎಂದು ನೀವು ತರಿಸಬೇಡಿ, ತಾಯಿಯವರಿಗೆ ತರಿಸಿ. ಹೆಸರಿನ ಅರ್ಥ ‘ಅರ್ಧ ಹುಂಜ’ ಎಂದಾದರೂ ತಟ್ಟೆಯಲ್ಲಿ ಬರುವುದು ರೈ ಹಿಟ್ಟಿನ ಬನ್ನು, ಬೆಣ್ಣೆ, ದಪ್ಪಗೆ ಕೊಯ್ದ ಚೀಸ್, ಸಾಸಿವೆ, ಈರುಳ್ಳಿ. ಅಲ್ಲಿನ ಕ್ಯೋಲ್ಷ್ ಬಿಯರ್ 0,2 ಲೀಟರಿನ ಸಣ್ಣ ಲೋಟದಲ್ಲಿ ಬರುತ್ತದೆ, ಖಾಲಿಯಾದಂತೆ ಕೇಳದೆಯೇ ಇನ್ನೊಂದು ಇಟ್ಟು ಕೆಳಗಿನ ರಟ್ಟಿನ ಮೇಲೆ ಗೀಟು ಎಳೆಯುತ್ತಾರೆ. ಸಾಕೆನಿಸಿದಾಗ ಆ ರಟ್ಟನ್ನು ಲೋಟದ ಮೇಲೆ ಮುಚ್ಚಬೇಕು.

ಬಿಲ್ಲನ್ನು ನೀವಾಗಿ ಕೇಳುವವರೆಗೆ ತರುವುದಿಲ್ಲ. ಊಟ ಮುಗಿದವರನ್ನು ಎಬ್ಬಿಸುವುದು ಅಗೌರವ ಎಂಬುದು ಅವರ ಭಾವನೆ. “ಟ್ಸಾಲನ್, ಬಿಟ್ಟೆ” ಎನ್ನಿ. “ಟ್ಸುಜಾಮನ್ ಓಡರ್ ಗೆಟ್ರೆಂಟ್?” ಎಂದರೆ ಒಟ್ಟಿಗೋ ಬೇರೆ ಬೇರೆಯೋ ಎಂದು. ಮೆನುವಿನಲ್ಲಿರುವ ಬೆಲೆಯಲ್ಲೇ ತೆರಿಗೆ ಸೇರಿದೆ. ಟಿಪ್ಸ್ ಶೇಕಡ 5ರಿಂದ 10, ಪೂರ್ಣಾಂಕಕ್ಕೆ ಏರಿಸಿ ಕೊಡುವುದು ವಾಡಿಕೆ. ಅದನ್ನು ಮೇಜಿನ ಮೇಲೆ ಬಿಟ್ಟು ಬರುವುದಲ್ಲ, ಕೊಡುವಾಗಲೇ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳುವುದು. ಬಿಲ್ 36,40 ಯೂರೋ, ನೀವು 50ರ ನೋಟು ಕೊಡುತ್ತ “ಫಿಯರ್ಟ್ಸಿಷ್”, ಅಂದರೆ ನಲವತ್ತು, ಎಂದರೆ ದಪ್ಪ ಪರ್ಸಿನಿಂದ 10 ಯೂರೋ ವಾಪಸು ಎಣಿಸಿ ಕೊಡುತ್ತಾರೆ. ಸರಿಯಾಗಿ ನಲವತ್ತೇ ಕೊಟ್ಟಿದ್ದರೆ “ಷ್ಟಿಮ್ಟ್ ಜೋ”, ಚಿಲ್ಲರೆ ಬೇಡ ಎಂದರ್ಥ. ಅಭ್ಯಾಸಬಲದಿಂದ 50ರ ನೋಟು ಚಾಚುತ್ತ “ಡಾಂಕೆ” ಎಂದುಬಿಟ್ಟರೆ ಉಳಿದದ್ದೆಲ್ಲ ನಿಮಗೇ ಎಂದು ಅವರು ತಿಳಿಯಬಹುದು. ಧನ್ಯವಾದವನ್ನು ಚಿಲ್ಲರೆ ಕೈಗೆ ಬಂದ ಮೇಲೆ ಹೇಳಿ. ಅಂಕಿ ಕೇಳಿಸಿಕೊಳ್ಳುವಾಗಲೂ ಎಚ್ಚರ, ಅವರು ಬಿಡಿ ಮೊದಲು, ಹತ್ತು ಆಮೇಲೆ ಹೇಳುತ್ತಾರೆ: 34 ಎಂದರೆ ‘ನಾಲ್ಕು ಮತ್ತು ಮೂವತ್ತು’. ಅನುಮಾನವಿದ್ದರೆ ಬಿಲ್ಲಿನ ಚೀಟಿ ನೋಡಿ.

ಕಾರ್ಡಿನಲ್ಲಿ ಕೊಡುವುದಾದರೆ ಮೆಷಿನ್ನಿನಲ್ಲಿ ಮೊತ್ತ ಒತ್ತುವ ಮೊದಲೇ ಟಿಪ್ಸ್ ಸೇರಿಸಿದ ಸಂಖ್ಯೆ ಹೇಳಬೇಕು. ಬಾಗಿಲಲ್ಲಿ ‘ನೂರ್ ಬಾರ್‌ಟ್ಸಾಲುಂಗ್’ ಎಂದಿದ್ದರೆ ನಗದು ಮಾತ್ರ. ಕೆಲವು ಕಡೆ ಜರ್ಮನಿಯದೇ ಆದ ‘ಜಿರೋಕಾರ್ಡ್’ (girocard) ಎಂಬ ಬ್ಯಾಂಕ್ ಕಾರ್ಡ್ ಮಾತ್ರ ನಡೆಯುತ್ತದೆ, ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಓಡುವುದಿಲ್ಲ. ಕೂರುವ ಮೊದಲೇ ಕಾರ್ಡ್ ತೋರಿಸಿ ಕೇಳಿಬಿಡಿ, ಜೊತೆಗೆ ಇಬ್ಬರ ಒಂದು ಊಟಕ್ಕಾಗುವಷ್ಟು, 60ರಿಂದ 70 ಯೂರೋ, 5, 10, 20ರ ನೋಟುಗಳಲ್ಲಿ ಕೈಯಲ್ಲಿರಲಿ.